ಕರಾವಳಿ ಮಳೆಗಾಲಕ್ಕೆ ಯಾವ ಬೆಂಕಿ? ಕಡ್ಡಿಪೊಟ್ಟಣ, ಲೈಟರ್, ಫೆರೋ ರಾಡ್ ಹೋಲಿಕೆ

ಜೂನ್ ಎರಡನೇ ವಾರ ದಾಟಿದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಕಡ್ಡಿ ಗೀರಿದರೆ ಮದ್ದು ಉದುರಿ ಕೆಳಗೆ ಬೀಳುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕರಾವಳಿ ನಮ್ಮದು. ಬಯಲುಸೀಮೆಯವರು ಬೆಂಕಿ ಹೊತ್ತಿಸುವ ಬಗ್ಗೆ ಯೋಚನೆಯನ್ನೇ ಮಾಡಬೇಕಾಗಿಲ್ಲ. ನಮಗೆ ಮಾತ್ರ ನಾಲ್ಕು ತಿಂಗಳು ಅದೊಂದು ಕೆಲಸ. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಇಂಡಕ್ಷನ್ ಒಲೆ, ಗೀಸರ್ ಎಲ್ಲ ಸುಮ್ನೆ ಕೂತಿರುತ್ತವೆ. ಆಗ ಗ್ಯಾಸು, ಬಚ್ಚಲ ಒಲೆ, ಮೇಣದಬತ್ತಿಯೇ ಗತಿ. ಮೂರಕ್ಕೂ ಮೊದಲು ಒಂದು ಕಿಡಿ ಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲದಕ್ಕೂ ಆಗುವ ಒಂದೇ ಸಾಧನ ಹುಡುಕುತ್ತಾ ಕೂರಬೇಡಿ. ಬೇರೆ ಬೇರೆ ಕಾರಣಕ್ಕೆ ಕೈಕೊಡುವ ಎರಡು ಸಾಧನ ಇಟ್ಟುಕೊಳ್ಳಿ, ಅವನ್ನು ಬೇರೆ ಬೇರೆ ಜಾಗದಲ್ಲಿ ಇಡಿ. ಒಂದೇ ಕಪಾಟಿನಲ್ಲಿ ಹತ್ತು ಬೆಂಕಿಪೊಟ್ಟಣ ಇದ್ದರೂ ಲೆಕ್ಕಕ್ಕೆ ಒಂದೇ. ಒಂದಕ್ಕೆ ಥಂಡಿ ಹಿಡಿದ ದಿನ ಉಳಿದ ಒಂಬತ್ತಕ್ಕೂ ಹಿಡಿದಿರುತ್ತದೆ.

ಬೆಂಕಿಪೊಟ್ಟಣ

2021ರ ಡಿಸೆಂಬರ್‌ನಲ್ಲಿ ಒಂದು ರೂಪಾಯಿಯಿಂದ ಎರಡು ರೂಪಾಯಿಗೆ ಏರಿತು. ಹಾಗಿದ್ದರೂ ಇಷ್ಟು ಕಮ್ಮಿ ದುಡ್ಡಿಗೆ ನಿಜವಾದ ಜ್ವಾಲೆ ಕೊಡುವ ವಸ್ತು ಇನ್ನೊಂದಿಲ್ಲ. ದೇವರ ದೀಪ, ಊದುಬತ್ತಿ, ಕಟ್ಟಿಗೆ ಒಲೆ, ಗ್ಯಾಸು, ಎಲ್ಲಕ್ಕೂ ಆಗುತ್ತದೆ. ಮಕ್ಕಳಿಂದ ಹಿಡಿದು ಅಜ್ಜಿವರೆಗೆ ಯಾರಿಗೂ ಕಲಿಸಬೇಕಾಗಿಲ್ಲ.

ಮಳೆಗಾಲದಲ್ಲಿ ಅದು ಯಾಕೆ ಕೈಕೊಡುತ್ತದೆ ಅಂತ ತಿಳಿದುಕೊಂಡರೆ ಉಪಾಯ ತಾನಾಗಿಯೇ ಹೊಳೆಯುತ್ತದೆ. ಈಗಿನ ಕಡ್ಡಿಗಳೆಲ್ಲ ಸೇಫ್ಟಿ ಮ್ಯಾಚ್. ಕಡ್ಡಿಯ ತುದಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಪೊಟ್ಟಣದ ಪಕ್ಕದ ಕಂದು ಪಟ್ಟಿಯಲ್ಲಿ ಕೆಂಪು ರಂಜಕ ಮತ್ತು ಗಾಜಿನ ಪುಡಿ ಇರುತ್ತದೆ. ಎರಡೂ ಉಜ್ಜಿದಾಗಲೇ ಬೆಂಕಿ. ಅದಕ್ಕೇ ಕಲ್ಲಿಗೆ, ಗೋಡೆಗೆ ಗೀರಿದರೆ ಹತ್ತುವುದಿಲ್ಲ. ನಾವು ಬೈಯುವುದು ಕಡ್ಡಿಗೆ, ಆದರೆ ಎಷ್ಟೋ ಸಲ ಮೊದಲು ಹಾಳಾಗುವುದು ಆ ಪಟ್ಟಿ. ರಟ್ಟು ನೀರು ಹೀರಿ ಮೆತ್ತಗಾಗುತ್ತದೆ. ಗೀರಿದ ಕೂಡಲೇ ಪಟ್ಟಿಯ ಪದರವೇ ಎದ್ದು ಬಂದು ಕಡ್ಡಿಯ ತುದಿಗೆ ಕೆಸರಿನ ಹಾಗೆ ಮೆತ್ತಿಕೊಳ್ಳುತ್ತದೆ. ಮುಂದೆ ಅದೇ ಜಾಗದಲ್ಲಿ ಎಷ್ಟು ಕಡ್ಡಿ ಗೀರಿದರೂ ವ್ಯರ್ಥ.

ಹಾಗಾಗಿ ಮೇ ಕೊನೆಯಲ್ಲಿ ಒಂದು ಕೆಲಸ ಮಾಡಿ. ಹೊಸ ಪೊಟ್ಟಣಗಳನ್ನು ಒಂದು ಮಧ್ಯಾಹ್ನ ಬಿಸಿಲಿಗಿಡಿ. ಬಿಗಿ ಮುಚ್ಚಳದ ಗಾಜಿನ ಬಾಟಲಿ ತೆಗೆದುಕೊಂಡು ಕಡ್ಡಿಗಳನ್ನೂ, ಪೊಟ್ಟಣದಿಂದ ಕತ್ತರಿಸಿದ ಎರಡು ಮೂರು ಪಟ್ಟಿಗಳನ್ನೂ ಹಾಕಿಡಿ. ಪಟ್ಟಿಯನ್ನು ಚಿಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕಡ್ಡಿಗೆ ತಾಗದ ಹಾಗೆ ಇಡಬೇಕು. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಬಾಟಲಿಗೆ ಹಾಕಿದರೆ ಇನ್ನೂ ಒಳ್ಳೆಯದು. ದಿನದ ಬಳಕೆಗೆ ಒಂದೊಂದೇ ಪೊಟ್ಟಣ ಹೊರಗಿರಲಿ.

ಮರದ ಕಡ್ಡಿಯೋ ಮೇಣದ ಕಡ್ಡಿಯೋ ಅಂತ ಕೇಳುವವರಿದ್ದಾರೆ. ಮೇಣದ ಕಡ್ಡಿ ನೀರು ಹೀರುವುದಿಲ್ಲ, ಆದರೆ ಬೆರಳಿನ ಒತ್ತಡಕ್ಕೆ ಬಾಗುತ್ತದೆ, ಪಟ್ಟಿ ಸ್ವಲ್ಪ ಮೆತ್ತಗಿದ್ದರೆ ಜೋರಾಗಿ ಗೀರಲು ಬರುವುದಿಲ್ಲ. ನನಗೆ ಮರದ್ದೇ ಇಷ್ಟ. ತುರ್ತಿಗೆ ಅಂತ ಎತ್ತಿಡುವ ಕಡ್ಡಿಗಳ ತುದಿಯನ್ನು ಕರಗಿದ ಮೇಣದಲ್ಲಿ ಒಮ್ಮೆ ಅದ್ದಿ ತೆಗೆದಿಡಬಹುದು. ಗೀರುವ ಮೊದಲು ಉಗುರಿನಿಂದ ಆ ಮೇಣ ಕೆರೆದರೆ ಆಯಿತು. ಮೇಣ ಕರಗಿಸುವಾಗ ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ.

ಅಡುಗೆಮನೆಯ ಗ್ಯಾಸ್ ಲೈಟರ್

ಟಕ್ ಟಕ್ ಅಂತ ಒತ್ತುವ ಈ ಲೈಟರಿನಲ್ಲಿ ಇಂಧನವೂ ಇಲ್ಲ, ಬ್ಯಾಟರಿಯೂ ಇಲ್ಲ. ಒಳಗೊಂದು ಸ್ಪ್ರಿಂಗ್ ಸುತ್ತಿಗೆ ಇರುತ್ತದೆ. ಅದು ಚಿಕ್ಕ ಪೀಝೋ ಹರಳಿಗೆ ಬಡಿದಾಗ ಸಾವಿರಾರು ವೋಲ್ಟ್ ಹುಟ್ಟಿ ತುದಿಯಲ್ಲಿ ಕಿಡಿ ಹಾರುತ್ತದೆ. ಒತ್ತಿದರೆ ವಿದ್ಯುತ್ ಹುಟ್ಟುವ ಈ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ತೀರಿಹೋಗುವಂಥದ್ದು ಏನೂ ಇಲ್ಲದ ಕಾರಣ ಒಳ್ಳೆಯ ಲೈಟರ್ ವರ್ಷಗಟ್ಟಲೆ ಬಾಳುತ್ತದೆ. ಗ್ಯಾಸ್ ಒಲೆಗೆ ಇದಕ್ಕಿಂತ ಸುರಕ್ಷಿತವಾದದ್ದು ಬೇರೆ ಇಲ್ಲ. ಬೆರಳು ಸುಡುವುದಿಲ್ಲ, ಅರ್ಧ ಸುಟ್ಟ ಕಡ್ಡಿ ಎಸೆಯುವ ಗಲಾಟೆ ಇಲ್ಲ.

ಆದರೆ ಇದು ಗ್ಯಾಸಿಗೆ ಮಾತ್ರ. ಆ ಕಿಡಿಯಿಂದ ಬತ್ತಿ ಹತ್ತುವುದಿಲ್ಲ, ಕಾಗದ ಹತ್ತುವುದಿಲ್ಲ. ಸಿಲಿಂಡರ್ ಖಾಲಿಯಾದ ದಿನ ಲೈಟರ್ ಇದ್ದೂ ಇಲ್ಲದ ಹಾಗೆ. ಹೊಸದಾಗಿ ಮನೆ ಮಾಡಿದ ಎಷ್ಟೋ ಹುಡುಗರ ಅಡುಗೆಮನೆಯಲ್ಲಿ ಇದೊಂದೇ ಇರುತ್ತದೆ. ಕರೆಂಟ್ ಹೋದ ರಾತ್ರಿ ಮೇಣದಬತ್ತಿ ಕೈಯಲ್ಲಿ ಹಿಡಿದು ಗ್ಯಾಸ್ ಹೊತ್ತಿಸಿ, ಅದರಿಂದ ಬತ್ತಿ ಹೊತ್ತಿಸಿಕೊಳ್ಳುತ್ತಾರೆ. ಗ್ಯಾಸ್ ಇರುವವರೆಗೆ ಅದೂ ಒಂದು ದಾರಿ, ಅಲ್ವಾ?

ಶಿರಸಿ, ಸಿದ್ದಾಪುರ ಕಡೆ ಗೋಬರ್ ಗ್ಯಾಸ್ ಇರುವ ಮನೆಗಳು ಜಾಸ್ತಿ. ಮಳೆಗಾಲದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸ್ ಕಮ್ಮಿ ಹುಟ್ಟುತ್ತದೆ, ಒತ್ತಡ ಇಳಿಯುತ್ತದೆ, ಪೈಪಿನಲ್ಲಿ ನೀರು ಕೂರುತ್ತದೆ. ಅಂಥ ದಿನ ಲೈಟರಿನ ಕ್ಷಣದ ಕಿಡಿಗಿಂತ ಉರಿಯುತ್ತಿರುವ ಕಡ್ಡಿ ಹಿಡಿಯುವುದೇ ಸಲೀಸು. ಗೋಬರ್ ಗ್ಯಾಸ್ ಮನೆಯವರು ಬೆಂಕಿಪೊಟ್ಟಣ ಬಿಡಬಾರದು.

ಕೊಳ್ಳುವಾಗ ಅಂಗಡಿಯ ನೆರಳಿನ ಮೂಲೆಗೆ ಹೋಗಿ ಹತ್ತು ಸಲ ಒತ್ತಿ ನೋಡಿ. ಪ್ರತಿ ಸಲವೂ ತುದಿಯೊಳಗೆ ನೀಲಿ ಕಿಡಿ ಕಾಣಬೇಕು. ಎರಡು ಸಲ ತಪ್ಪಿದರೆ ವಾಪಸ್ ಕೊಡಿ. ಸಮುದ್ರದ ಹತ್ತಿರದ ಮನೆಗೆ ತೆಳು ತಗಡಿನದ್ದು ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿದು ಒತ್ತುವ ಭಾಗ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಿಡಿ ಬರದಿದ್ದರೆ ಲೈಟರ್ ಸತ್ತಿತು ಅಂದುಕೊಳ್ಳಬೇಡಿ. ತುದಿಯ ಕೊಳವೆಯೊಳಗೆ ಒಗ್ಗರಣೆ ಎಣ್ಣೆಯ ಜಿಡ್ಡು, ತೇವ ಕೂತಿರುತ್ತದೆ. ಬಡ್ಸ್‌ನಿಂದ ಒರೆಸಿ ಒಣಗಿಸಿದರೆ ಹೆಚ್ಚಿನವು ಮತ್ತೆ ಶುರುವಾಗುತ್ತವೆ.

ಜ್ವಾಲೆ ಬರುವ ಲೈಟರ್

ಬೀಡಿ ಸಿಗರೇಟ್ ಸೇದದ ಮನೆಗಳಲ್ಲಿ ಇದನ್ನು ಕಂಡರೆ ಒಂದು ಥರದ ಮುಜುಗರ. ಹಿರಿಯರು ಮುಖ ಸಿಂಡರಿಸುತ್ತಾರೆ. ಆದರೆ ತುರ್ತಿನ ಚೀಲಕ್ಕೆ ಒಂದೇ ಸಾಧನ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಒಂದೇ ಕೈಯಲ್ಲಿ ಹೊತ್ತಿಸಬಹುದು. ಜ್ವಾಲೆ ಹಿಡಿದುಕೊಂಡಷ್ಟು ಹೊತ್ತು ಇರುತ್ತದೆ. ಕಡ್ಡಿಯ ಹಾಗೆ ಆರೇಳು ಸೆಕೆಂಡಿಗೆ ಬೆರಳಿಗೆ ಬರುವುದಿಲ್ಲ. ತೇವದ ಪುಳ್ಳೆ ಹೊತ್ತಿಸಲು ಆ ಹೆಚ್ಚಿನ ಹತ್ತು ಸೆಕೆಂಡೇ ಮುಖ್ಯ.

ನೀರಿಗೆ ಬಿದ್ದರೂ ಇದು ಸಾಯುವುದಿಲ್ಲ. ಒಳಗಿನ ಬ್ಯುಟೇನ್‌ಗೆ ನೀರು ತಾಗುವುದಿಲ್ಲ. ಒದ್ದೆಯಾಗುವುದು ಚಕ್ರ ಮತ್ತು ಅದರ ಕೆಳಗಿನ ಚಿಕ್ಕ ಕಲ್ಲು. ಚೆನ್ನಾಗಿ ಕೊಡವಿ, ಜೋರಾಗಿ ಊದಿ, ಚಕ್ರವನ್ನು ಒಣಬಟ್ಟೆಯ ಮೇಲೆ ಹಲವು ಸಲ ಉರುಳಿಸಿ. ಸ್ವಲ್ಪ ಹೊತ್ತಿಗೆ ಕಿಡಿ ವಾಪಸ್ ಬರುತ್ತದೆ. ಗ್ಯಾಸ್ ಪೂರ್ತಿ ಮುಗಿದ ಲೈಟರಿನ ಕಿಡಿಯಿಂದಲೂ ಅಡುಗೆ ಒಲೆ ಹೊತ್ತಿಸಬಹುದು. ಗಾಲಿ ಇಲ್ಲದೆ ಗುಂಡಿ ಒತ್ತುವ ಬಗೆಯಲ್ಲಿ ಈ ಅನುಕೂಲ ಕಮ್ಮಿ. ಅದಕ್ಕೇ ಚಕ್ರದ್ದನ್ನೇ ತೆಗೆದುಕೊಳ್ಳಿ.

20 ರೂಪಾಯಿಗಿಂತ ಕಮ್ಮಿ ಬೆಲೆಯ ಸಿಗರೇಟ್ ಲೈಟರ್ ಆಮದನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಷೇಧಿಸಿತು. ಹತ್ತು ರೂಪಾಯಿಗೆ ಸಿಗುವ ಸೋರುವ ಮಾಲಿಗೆ ಆಸೆಪಡದೆ ಗುರುತಿರುವ ಕಂಪನಿಯದ್ದು ಕೊಳ್ಳಿ. ಇದನ್ನು ಬೇಸಿಗೆಯಲ್ಲಿ ಕಾರಿನ ಮುಂಭಾಗದಲ್ಲಿ, ಒಲೆಯ ಪಕ್ಕದ ಕಟ್ಟೆ ಮೇಲೆ ಇಡಬೇಡಿ. ಬಿಸಿಗೆ ಒತ್ತಡ ಏರಿ ಒಡೆಯಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎತ್ತರದ ಜಾಗವೇ ಬೇಕು. ಕಡ್ಡಿ ಗೀರಲು ಹೆದರುವ ಮಗು ಲೈಟರ್ ಗಾಲಿ ತಿರುಗಿಸಲು ಹೆದರುವುದಿಲ್ಲ.

ಉದ್ದ ಮೂತಿಯ ಲೈಟರ್ ದೀಪಕ್ಕೆ, ಬಚ್ಚಲ ಒಲೆಗೆ ಬಹಳ ಅನುಕೂಲ. ಕೈ ಉರಿಯಿಂದ ದೂರ ಇರುತ್ತದೆ. ಗ್ಯಾಸ್ ತುಂಬಿಸಲು ಬರುವಂಥದ್ದು ನೋಡಿ. ಪೆಟ್ರೋಲ್ ಬಗೆಯ ಲೋಹದ ಲೈಟರ್ ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಬಳಸದೆ ಇಟ್ಟರೆ ಕೆಲವೇ ವಾರಗಳಲ್ಲಿ ಇಂಧನ ಆವಿಯಾಗಿ ಹೋಗುತ್ತದೆ. ತುರ್ತಿಗೆ ಎತ್ತಿಡುವ ವಸ್ತುವಲ್ಲ ಅದು.

ಯುಎಸ್‌ಬಿ ಚಾರ್ಜ್ ಲೈಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಳಿಗೆ ಆರುವುದಿಲ್ಲ, ನಿಜ. ಆದರೆ ಕರೆಂಟ್ ಇಲ್ಲದ ದಿನಕ್ಕೆ ಅಂತ ತಂದಿಟ್ಟ ಸಾಧನ ಕರೆಂಟನ್ನೇ ಬೇಡುತ್ತದೆ. ಆ ಹೊತ್ತಿಗೆ ಪವರ್ ಬ್ಯಾಂಕಿನಲ್ಲಿ ಉಳಿದ ಚಾರ್ಜ್ ಫೋನಿಗೆ ಬೇಕು. ಕರೆಂಟ್ ಇರುವ ದಿನ ದೇವರ ದೀಪ ಹಚ್ಚಲು ಇರಲಿ, ಅಷ್ಟೇ.

ಫೆರೋ ರಾಡ್

ಚಾರಣದ ಸಾಮಾನು ಮಾರುವವರ ಬಳಿ, ಆನ್‌ಲೈನ್‌ನಲ್ಲಿ ಸಿಗುವ ಬೆರಳುದ್ದದ ಕಪ್ಪು ಸರಳು ಇದು. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಮಾಡಿದ ಫೆರೋಸೀರಿಯಂ ಎಂಬ ಮಿಶ್ರಲೋಹ. ಲೈಟರಿನ ಚಕ್ರದ ಕೆಳಗಿರುವ ಚಿಕ್ಕ ಕಲ್ಲೂ ಇದೇ. ಚೂಪಾದ ಅಂಚಿನಿಂದ ಕೆರೆದರೆ ಬಿಳಿ ಕಿಡಿಗಳ ಮಳೆಯೇ ಸುರಿಯುತ್ತದೆ, ಸುಮಾರು ಮೂರು ಸಾವಿರ ಡಿಗ್ರಿ ಶಾಖ. ನೀರಿನಲ್ಲಿ ಅದ್ದಿ ತೆಗೆದು, ಒರೆಸಿ ಕೆರೆದರೂ ಕಿಡಿ ಬರುತ್ತದೆ. ಸಾವಿರಾರು ಸಲ ಬಳಸಬಹುದು. ನಮ್ಮ ಹಿರಿಯರ ಚಕಮಕಿ ಕಲ್ಲಿಗಿಂತ ಎಷ್ಟೋ ಪಾಲು ಬಲವಾದ ಕಿಡಿ.

ಹಾಗಾದರೆ ಇದನ್ನೇ ಎಲ್ಲರೂ ಇಟ್ಟುಕೊಳ್ಳಬಹುದಲ್ಲ? ಇಲ್ಲೇ ವಿಷಯ ಇರುವುದು. ಇದು ಕಿಡಿ ಕೊಡುತ್ತದೆ, ಜ್ವಾಲೆ ಕೊಡುವುದಿಲ್ಲ. ಕಿಡಿಯನ್ನು ಹಿಡಿದುಕೊಳ್ಳುವ ನವಿರಾದ ಒಣ ವಸ್ತು ಇರಲೇಬೇಕು. ಅಭ್ಯಾಸವೂ ಬೇಕು. ಹೊಸ ರಾಡಿನ ಮೇಲೆ ಕಪ್ಪು ಬಣ್ಣ ಬಳಿದಿರುತ್ತಾರೆ, ಮೊದಲು ಅದನ್ನು ಕೆರೆದು ತೆಗೆಯಬೇಕು. ಆಮೇಲೆ ಕೆರೆಯುವ ಪಟ್ಟಿಯನ್ನು ಅಲ್ಲಾಡಿಸದೆ ನಾರಿನ ಮೇಲೆ ಹಿಡಿದು, ರಾಡನ್ನು ಹಿಂದಕ್ಕೆ ನಿಧಾನವಾಗಿ, ಒತ್ತಿ ಎಳೆಯಬೇಕು. ಪಟ್ಟಿಯನ್ನೇ ಮುಂದಕ್ಕೆ ಬೀಸಿದರೆ ಕೈ ಹೋಗಿ ನಾರಿನ ಗೂಡಿಗೆ ತಾಗಿ ಎಲ್ಲ ಚದುರುತ್ತದೆ.

ತೆಂಗಿನ ನಾರಿನ ಮೇಲೆ ಇದನ್ನು ನೋಡಬೇಕು. ಒಣಸಿಪ್ಪೆಯ ಉದ್ದ ನಾರನ್ನು ಹಾಗೇ ಇಟ್ಟರೆ ಕಿಡಿ ಬಿದ್ದು ಕಪ್ಪು ಚುಕ್ಕಿಯಾಗಿ ಆರುತ್ತದೆ. ಅದೇ ನಾರನ್ನು ಅಂಗೈಗಳ ನಡುವೆ ಉಜ್ಜಿ ಉಜ್ಜಿ, ಹತ್ತಿಯಷ್ಟು ನವಿರಾಗಿಸಿ, ಉದುರಿದ ಕಂದು ಪುಡಿಯನ್ನೂ ನಡುವೆ ಸೇರಿಸಿ ಗೂಡು ಮಾಡಿದರೆ ಕಿಡಿ ಅದರೊಳಗೆ ಕೂರುತ್ತದೆ. ಮೊದಲು ಕೆಂಪು ಚುಕ್ಕಿ, ಆಮೇಲೆ ತೆಳ್ಳಗೆ ಹೊಗೆ. ಗೂಡನ್ನು ಕೈಯಲ್ಲೆತ್ತಿ ಕೆಳಗಿನಿಂದ ಸಣ್ಣಗೆ ಊದುತ್ತಾ ಹೋದರೆ ಹೊಗೆ ದಪ್ಪವಾಗಿ ಒಮ್ಮೆಲೆ ಭುಗ್ಗೆನ್ನುತ್ತದೆ. ದೇವರ ಕೋಣೆಯ ಹತ್ತಿಗೆ ಸ್ವಲ್ಪ ವ್ಯಾಸಲಿನ್ ಸವರಿ ಬಿಡಿಸಿಟ್ಟರೆ ಇನ್ನೂ ಸುಲಭ. ಕಿಡಿ ತಾಗಿದ ಕೂಡಲೇ ಹತ್ತಿಕೊಂಡು ಕೆಲವು ನಿಮಿಷ ಉರಿಯುತ್ತದೆ.

ಕರಾವಳಿಯವರಿಗೆ ಒಂದು ಕಿವಿಮಾತು. ಉಪ್ಪುಗಾಳಿಗೆ ಫೆರೋ ರಾಡ್ ಕೂಡ ಸವೆಯುತ್ತದೆ. ಬಣ್ಣ ಕೆರೆದ ಜಾಗದಲ್ಲಿ ಬೂದು ಪುಡಿ ಏಳುತ್ತದೆ. ಬಳಸಿದ ಮೇಲೆ ಒರೆಸಿ, ಸ್ವಲ್ಪ ಎಣ್ಣೆ ಸವರಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ.

ಕಿಡಿಗಿಂತ ಮೊದಲು ಪುಳ್ಳೆ

ಮಳೆಗಾಲದಲ್ಲಿ ಒಲೆ ಹತ್ತದಿದ್ದರೆ ಹೆಚ್ಚಿನ ಸಲ ತಪ್ಪು ಕಡ್ಡಿಯದ್ದೂ ಅಲ್ಲ, ಲೈಟರಿನದ್ದೂ ಅಲ್ಲ. ಒಣಗಿದ್ದು ಏನೂ ಇಲ್ಲದ್ದೇ ತೊಂದರೆ. ಐನೂರು ರೂಪಾಯಿಯ ಸಾಧನ ತರುವ ಮೊದಲು ಒಂದು ಡಬ್ಬಿ ಒಣನಾರು ತುಂಬಿಡಿ ಅನ್ನುತ್ತೇನೆ. ಅದಕ್ಕೆ ನಮ್ಮ ಜಿಲ್ಲೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ಕಡಲತೀರದಲ್ಲಿ ಗಾಳಿಮರದ ಸೂಜಿ ಎಲೆ ಬೇಸಿಗೆಯಿಡೀ ಉದುರಿ ಬಿದ್ದಿರುತ್ತದೆ. ಘಟ್ಟದ ಮೇಲೆ ಅಡಿಕೆ ಸಿಪ್ಪೆ, ಒಣಗಿದ ಅಡಿಕೆ ಹಾಳೆ, ದರಕು ಅಂದರೆ ಉದುರಿದ ಒಣ ಎಲೆ. ಎಲ್ಲ ಕಡೆಯೂ ತೆಂಗಿನ ಕರಟ. ಕರಟ ಒಮ್ಮೆ ಹತ್ತಿತು ಅಂದ್ರೆ ಅರೆ ಒದ್ದೆ ಕಟ್ಟಿಗೆಯನ್ನೂ ಹೊತ್ತಿಸುವಷ್ಟು ಶಾಖ ಕೊಡುತ್ತದೆ. ಗೇರುಬೀಜದ ಸಿಪ್ಪೆಯಲ್ಲಿ ಎಣ್ಣೆ ಇರುವುದರಿಂದ ಭರ್ಜರಿ ಉರಿಯುತ್ತದೆ, ಆದರೆ ಹೊಗೆ ಕಣ್ಣು ಗಂಟಲು ಕೊರೆಯುತ್ತದೆ. ಹೊರಗಿನ ಒಲೆಗೆ ಮಾತ್ರ, ಅಡುಗೆ ಒಲೆಗೆ ಬೇಡ.

ಕರ್ಪೂರ ಇದ್ದರೆ ಅರ್ಧ ಕೆಲಸ ಆದಂತೆ. ನೀರಿನಲ್ಲಿ ಅದು ಹೆಚ್ಚುಕಮ್ಮಿ ಕರಗುವುದೇ ಇಲ್ಲ, ಒರೆಸಿ ಕಡ್ಡಿ ಹಿಡಿದರೆ ಹತ್ತುತ್ತದೆ. ತೆರೆದಿಟ್ಟರೆ ಹಾರಿಹೋಗುತ್ತದೆ, ಬಿಗಿ ಡಬ್ಬಿ ಬೇಕು. ಮಕ್ಕಳ ಬಾಯಿಗೆ ಹೋದರೆ ವಿಷ, ಅದನ್ನೂ ನೆನಪಿಡಿ.

ಶಿರಸಿ ಕಡೆಯ ದೊಡ್ಡಮ್ಮನ ಮನೆಯಲ್ಲಿ ಬಚ್ಚಲ ಒಲೆಯ ಮೇಲೊಂದು ಅಟ್ಟ ಇದೆ. ಬೇಸಿಗೆಯಲ್ಲೇ ಸೀಳಿದ ಪುಳ್ಳೆ, ಅಡಿಕೆ ಹಾಳೆ ಅಲ್ಲಿ ಹೊಗೆಗೆ ಕಪ್ಪಾಗಿ ಗರಿಗರಿ ಇರುತ್ತವೆ. ಬೆಂಕಿಪೊಟ್ಟಣವೂ ಅಲ್ಲೇ, ಉರಿಯಿಂದ ದೂರದ ಮೂಲೆಯಲ್ಲಿ. ರಾತ್ರಿ ಮಲಗುವ ಮೊದಲು ಗಟ್ಟಿಮರದ ದೊಡ್ಡ ಕೆಂಡವನ್ನು ಬೂದಿಯೊಳಗೆ ಮುಚ್ಚಿಡುತ್ತಾರೆ. ಬೆಳಿಗ್ಗೆ ನಾನು ಪೊಟ್ಟಣಕ್ಕೆ ಕೈ ಹಾಕಿದರೆ, "ಕಡ್ಡಿ ಎಂತಕ್ಕೆ? ಬೂದಿ ಕೆದಕಿ ನೋಡು" ಅಂತಾರೆ. ಕೆದಕಿದರೆ ಕೆಂಡ ಕೆಂಪಗೆ ಇರುತ್ತದೆ. ಮೇಲೆ ನಾಲ್ಕು ಎಳೆ ನಾರು ಹಾಕಿ ಊದುಗೊಳವೆಯಲ್ಲಿ ಊದಿದರೆ ಆಯಿತು. ಹಂಡೆ ಒಲೆ ಇರುವ ಮನೆಯವರು ಈ ಪದ್ಧತಿ ಬಿಡಬೇಡಿ. ಗಾಳಿಯಾಡುವ ಬಚ್ಚಲಿನಲ್ಲಿ ಮಾತ್ರ ಅದು ಸರಿ. ಮಲಗುವ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋಗುತ್ತದೆ. ಅದಕ್ಕೆ ವಾಸನೆಯೂ ಇಲ್ಲ.

ಯಾರಿಗೆ ಯಾವುದು?

ಪೇಟೆಯಲ್ಲಿ, ಗ್ಯಾಸ್ ಮಾತ್ರ ಬಳಸುವ ಚಿಕ್ಕ ಮನೆಗೆ ಗ್ಯಾಸ್ ಲೈಟರ್ ಮತ್ತು ಬಾಟಲಿಯಲ್ಲಿಟ್ಟ ಕಡ್ಡಿ ಸಾಕು. ಕಟ್ಟಿಗೆ ಒಲೆ ಇರುವ ಮನೆಗೆ ಇದರ ಜೊತೆ ಉದ್ದ ಮೂತಿಯ ಲೈಟರ್ ಸೇರಿಸಿ. ಬೆರಳು ನಡುಗುವ ಹಿರಿಯರಿದ್ದರೆ ಅವರಿಗೆ ಇದೇ ಒಳ್ಳೆಯದು, ಚಕ್ರದ ಲೈಟರ್ ಕಷ್ಟ.

ದೋಣಿಗೆ ಹೋಗುವವರಿಗೆ ಎರಡು ಚಕ್ರದ ಲೈಟರ್, ಒಂದು ಕಿಸೆಯಲ್ಲಿ, ಇನ್ನೊಂದು ತಿರುಗಣೆ ಮುಚ್ಚಳದ ಬಾಟಲಿಯಲ್ಲಿ. ಕಡಲಿನಲ್ಲಿ ಗಾಳಿ ತಡೆಯಲು ಏನೂ ಇರುವುದಿಲ್ಲ, ಕಡ್ಡಿಯನ್ನು ನೆಚ್ಚಿಕೊಳ್ಳಬಾರದು. ತೋಟ, ಗದ್ದೆಯಲ್ಲಿ ದಿನ ಕಳೆಯುವವರು, ಒಂಟಿ ಮನೆಯವರು ಫೆರೋ ರಾಡ್ ಇಟ್ಟುಕೊಳ್ಳಬಹುದು, ಆದರೆ ಮೂರನೆಯ ಸಾಧನವಾಗಿ. ಬಿಸಿಲಿರುವ ದಿನ ಕೂತು ಕಲಿತುಕೊಂಡ ಮೇಲೆ ಮಾತ್ರ ಅದನ್ನು ನಂಬಿ. ಅದು ಕೈಯಲ್ಲಿದೆ ಅಂತ ಕಾಡಿನಲ್ಲಿ ಬೆಂಕಿ ಹಾಕಲು ಹೋಗಬೇಡಿ. ಮೀಸಲು ಅರಣ್ಯದಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದು ಅಪರಾಧ. ಬೇಸಿಗೆಯ ದರಕಿಗೆ ಒಂದು ಕಿಡಿ ಸಾಕು, ಗುಡ್ಡವೇ ಹೋಗುತ್ತದೆ.

ಭೂತಗನ್ನಡಿ ಬಗ್ಗೆ ಕೇಳುವ ಮಕ್ಕಳಿಗೆ: ಆಟಕ್ಕೆ ಚೆನ್ನಾಗಿದೆ. ನಮಗೆ ಬೆಂಕಿ ಬೇಕಾಗುವ ದಿನ ಬಿಸಿಲೇ ಇರುವುದಿಲ್ಲ.

ನೆರೆ ಬಂದಾಗ

2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ನದಿ ಹತ್ತಿರದ ಮನೆಯಲ್ಲಿ ಒಂದು ತುರ್ತು ಚೀಲ ಇರಲಿ. ಅದರಲ್ಲಿ ಚಕ್ರದ ಲೈಟರ್ ಒಂದು, ಮೇಣ ಅದ್ದಿದ ಕಡ್ಡಿ ಮತ್ತು ಪಟ್ಟಿಯ ಚಿಕ್ಕ ಬಾಟಲಿ, ವ್ಯಾಸಲಿನ್ ಹತ್ತಿ, ದಪ್ಪ ಮೇಣದಬತ್ತಿ ಎರಡು. ಟಾರ್ಚ್ ಇದಕ್ಕಿಂತ ಮೊದಲು ಬೇಕು. ಬೆಳಕಿಗೆ ಟಾರ್ಚ್, ಅಡುಗೆಗೆ ಬೆಂಕಿ.

ನೀರು ಏರುವ ಲಕ್ಷಣ ಕಂಡ ಕೂಡಲೇ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಬಿಚ್ಚಿ, ಸುರಕ್ಷತಾ ಮುಚ್ಚಳ ಹಾಕಿ. ನೀರಿಗೆ ಸಿಲಿಂಡರ್ ತೇಲುತ್ತದೆ, ಪೈಪ್ ಕಿತ್ತುಕೊಳ್ಳುತ್ತದೆ. ನೀರಿಳಿದ ಮೇಲೆ ಮನೆಯೊಳಗೆ ಹೋಗುವಾಗ ಕೈಯಲ್ಲಿ ಬೆಂಕಿ ಇರಕೂಡದು, ಸ್ವಿಚ್ಚನ್ನೂ ಮುಟ್ಟಕೂಡದು. ಟಾರ್ಚನ್ನು ಹೊರಗೇ ಆನ್ ಮಾಡಿಕೊಂಡು ಹೋಗಿ. ಎಲ್‌ಪಿಜಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ, ಮೂಲೆಗಳಲ್ಲಿ, ಕಟ್ಟೆಯ ಕೆಳಗೆ ಕೂತಿರುತ್ತದೆ. ಮೇಲಿನ ಕಿಟಕಿ ತೆಗೆದರೆ ಸಾಲದು, ಬಾಗಿಲು ಪೂರ್ತಿ ತೆರೆದಿಡಿ. ವಾಸನೆ ಬಂದರೆ ಹೊರಗೆ ಬಂದು, ಮನೆಯಿಂದ ದೂರ ನಿಂತು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆ ದೂರಿಗೆ ಇಡೀ ದೇಶಕ್ಕೆ ಇರುವ ನಂಬರ್ ಅದು. ಅವರು ಬಂದು ನೋಡಿ ಸರಿ ಅನ್ನುವವರೆಗೆ ಆ ಮನೆಯಲ್ಲಿ ಯಾವ ಲೈಟರೂ ಬೇಡ, ಯಾವ ಕಡ್ಡಿಯೂ ಬೇಡ.